ತಾಳ ಹಿಡಿಯಲು ಬಾರದವರು ಎವರ್‌ಹುಡ್ ಆಡಬಹುದೇ?

ಪ್ರಶ್ನೆ: ಎವರ್‌ಹುಡ್ ಗೇಮ್ ತಗೋಬೇಕು ಅಂತಿದ್ದೇನೆ. ಹಾಡುಗಳು ತುಂಬಾ ಇಷ್ಟವಾದವು. ಆದರೆ ನನಗೆ ತಾಳ ಹಿಡಿಯೋಕೆ ಬರಲ್ಲ. ಗೆಳೆಯನ ಲ್ಯಾಪ್‌ಟಾಪಲ್ಲಿ ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಆಡಿದೆ, ಶುರುವಿನಲ್ಲೇ ಮತ್ತೆ ಮತ್ತೆ ಸೋತೆ. ದುಡ್ಡು ಹಾಕಬಹುದಾ? (ಓದುಗರು, ಗೋಣಿಕೊಪ್ಪ)

ಉತ್ತರ: ಹಾಕಬಹುದು. ಸೋತದ್ದಕ್ಕೆ ನಿಮ್ಮ ತಾಳವನ್ನು ದೂರುವ ಮೊದಲು ಆ ಇಯರ್‌ಬಡ್ ತೆಗೆದಿಟ್ಟು ಇನ್ನೊಮ್ಮೆ ಆಡಿ ನೋಡಿ.

ಕ್ರಿಸ್ ನಾರ್ಡ್‌ಗ್ರೆನ್ ಮತ್ತು ಜೋರ್ಡಿ ರೋಕಾ ಸೇರಿ ಮಾಡಿದ ಈ ಗೇಮ್ 2021ರ ಮಾರ್ಚ್‌ನಲ್ಲಿ ವಿಂಡೋಸ್ ಮತ್ತು ನಿಂಟೆಂಡೋ ಸ್ವಿಚ್‌ಗೆ ಬಂತು. ಕೈ ಕಳವಾದ ಕೆಂಪು ಮರದ ಗೊಂಬೆ ನೀವು. ಆ ಕೈಯನ್ನು ಹುಡುಕುತ್ತಾ ಹೋದ ಹಾಗೆ ಎದುರಾಗುವವರು ಹಾಡಿನ ಮೂಲಕ ಕಾದಾಡುತ್ತಾರೆ. ಐದು ಲೇನ್‌ಗಳ ಹಾದಿಯಲ್ಲಿ ಬಣ್ಣಬಣ್ಣದ ಸ್ವರಗಳು ನಿಮ್ಮತ್ತ ನುಗ್ಗುತ್ತವೆ. ಬೇರೆ ರಿದಮ್ ಗೇಮ್‌ಗಳಲ್ಲಿ ಸ್ವರ ಬಂದಾಗ ಬಟನ್ ಒತ್ತಬೇಕು, ಇಲ್ಲಿ ತಪ್ಪಿಸಿಕೊಳ್ಳಬೇಕು. ಪಕ್ಕದ ಲೇನ್‌ಗೆ ಸರಿಯಿರಿ, ಇಲ್ಲವೇ ಹಾರಿ. ಗೋಡೆಯಂತೆ ಎತ್ತರವಾಗಿ ಬರುವುದನ್ನು ಮಾತ್ರ ಹಾರಿ ದಾಟಲಾಗದು, ಸರಿಯಲೇಬೇಕು.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ಪರೆಯ ಕಳಿ ಎಂಬ ಬೆತ್ತದ ಕಾಳಗ ನೋಡಿದವರಿಗೆ ಇದರ ಒಳಗುಟ್ಟು ಬೇಗ ಹೊಳೆಯುತ್ತದೆ. ಬೆತ್ತದ ಪೆಟ್ಟು ಮೊಣಕಾಲಿನ ಕೆಳಗೆ ಬೀಳುತ್ತದೆ, ವಾದ್ಯ ಮೊಳಗುತ್ತಲೇ ಇರುತ್ತದೆ. ತಪ್ಪಿಸಿಕೊಳ್ಳುವವನು ಮಾತ್ರೆ ಎಣಿಸುತ್ತಾ ಕೂರುವುದಿಲ್ಲ, ಎದುರಾಳಿಯ ಕೈ ನೋಡುತ್ತಾನೆ. ಎವರ್‌ಹುಡ್ ಕೇಳುವುದೂ ಅದನ್ನೇ. ಅದಕ್ಕೇ ತಾಳ ಬಾರದವರೂ ಇಲ್ಲಿ ಗೆಲ್ಲಬಹುದು. ಕಣ್ಣು ನಿಮ್ಮ ಗೊಂಬೆಯ ಮೇಲಿರದೆ ಹಾದಿಯ ಮೇಲ್ತುದಿಯಲ್ಲಿರಲಿ. ಬಿಡುವು ಸಿಕ್ಕಾಗಲೆಲ್ಲ ನಡುವಿನ ಲೇನ್‌ಗೆ ಮರಳಿ, ಅಲ್ಲಿಂದ ಎರಡೂ ಕಡೆಗೆ ದಾರಿಯಿದೆ. ಗಾಬರಿಯಲ್ಲಿ ಹಾರುತ್ತಲೇ ಇರಬೇಡಿ. ಹಾರಿದವರು ಇಳಿಯುವ ತನಕ ಮತ್ತೆ ಹಾರಲಾರರು, ಹೆಚ್ಚಿನ ಪೆಟ್ಟು ಬೀಳುವುದು ಇಳಿಯುವ ಆ ಕ್ಷಣದಲ್ಲೇ. ಸ್ವಲ್ಪ ಹೊತ್ತು ಪೆಟ್ಟು ತಿನ್ನದಿದ್ದರೆ ಜೀವ ತಾನಾಗಿ ತುಂಬಿಕೊಳ್ಳುತ್ತದೆ, ಆದ್ದರಿಂದ ಒಂದು ಪೆಟ್ಟಿಗೆ ಕಂಗೆಡಬೇಕಿಲ್ಲ.

ಈಗ ಇಯರ್‌ಬಡ್ ವಿಷಯ. ಸಾಧಾರಣ ಬ್ಲೂಟೂತ್‌ನಲ್ಲಿ ಧ್ವನಿ 150ರಿಂದ 250 ಮಿಲಿಸೆಕೆಂಡ್ ತಡವಾಗಿ ಕಿವಿ ಸೇರುತ್ತದೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ ಸಿಗುವುದು 500 ಮಿಲಿಸೆಕೆಂಡ್, ಅಂದರೆ ನಿಮಗೆ ಹಾಡು ಕೆಲವೊಮ್ಮೆ ಅರ್ಧ ಬಡಿತದವರೆಗೂ ಹಿಂದೆ ಕೇಳುತ್ತಿರುತ್ತದೆ. ಗೇಮ್ ಲೆಕ್ಕ ಹಾಕುವುದು ಪರದೆಯ ಮೇಲಿನ ಸ್ವರವನ್ನು. ಮೈ ಮಾತ್ರ ಕಿವಿಯ ಮಾತು ಕೇಳಿ ತಡವಾಗಿ ಹಾರುತ್ತದೆ. ತಾಳ ಚೆನ್ನಾಗಿ ಗೊತ್ತಿರುವವರೇ ಈ ಬಲೆಗೆ ಹೆಚ್ಚು ಬೀಳುತ್ತಾರೆ. ಯೂಟ್ಯೂಬ್‌ನಲ್ಲಿ ತುಟಿಗೂ ಮಾತಿಗೂ ಹೊಂದುತ್ತದಲ್ಲ ಎಂದು ನಂಬಬೇಡಿ. ವಿಡಿಯೊ ಆ್ಯಪ್‌ಗಳು ಚಿತ್ರವನ್ನೇ ತಡಮಾಡಿ ಧ್ವನಿಗೆ ಹೊಂದಿಸುತ್ತವೆ, ಗೇಮ್ ಹಾಗೆ ಮಾಡಲಾಗದು. ಗೇಮ್‌ನ ಮೆನುವಿನಲ್ಲಿ ಮೇಲೆ ಕೆಳಗೆ ಓಡಾಡಿ. ಒತ್ತಿದ್ದಕ್ಕೂ ಸದ್ದಿಗೂ ನಡುವೆ ಅಂತರ ಅನಿಸಿದರೆ ತಂತಿಯ ಇಯರ್‌ಫೋನ್ ಹಾಕಿ. ಟಿವಿಗೆ ಜೋಡಿಸಿ ಆಡುವುದಾದರೆ ಗೇಮ್ ಮೋಡ್ ಆನ್ ಮಾಡಿ. ಚಿತ್ರ ತಡವಾದರೆ ಕಿವಿಯೂ ಕಾಪಾಡುವುದಿಲ್ಲ.

ಗೇಮ್‌ನ ನಿಜವಾದ ಶಕ್ತಿ ಹಾಡುಗಳಲ್ಲಿದೆ. ಒಂದು ಕಾಳಗದಂತೆ ಇನ್ನೊಂದಿಲ್ಲ. ಹಾದಿ ತಿರುಚಿಕೊಳ್ಳುತ್ತದೆ, ಪರದೆ ಬಣ್ಣದಲ್ಲಿ ಕರಗುತ್ತದೆ, ಆದರೂ ಯಾವ ಸ್ವರ ಎಲ್ಲಿ ಬೀಳುತ್ತದೆಂಬುದು ಹಾಡಿನೊಳಗೇ ಬರೆದಿರುತ್ತದೆ. ಸೋತು ಎರಡನೇ ಸಲ ಆಡುವಾಗ ಹಾಡು ಬಾಯಿಗೆ ಬಂದಿರುತ್ತದೆ, ಕಾಲೂ ಅದನ್ನು ಕಲಿತಿರುತ್ತದೆ. ನಡುನಡುವೆ ಗೋ-ಕಾರ್ಟ್ ರೇಸ್, ದಾಳ ಉರುಳಿಸುವ ಆಟದ ಕೂಟ ಎಲ್ಲ ಬಂದು ಹೋಗುತ್ತವೆ. ಕೈ ಸಿಕ್ಕ ಮೇಲೆ ಒಂದೇ ಬಣ್ಣದ ಸ್ವರಗಳನ್ನು ಹೀರಿಕೊಂಡು ತಿರುಗಿ ಎಸೆಯಬಹುದು. ಅಷ್ಟು ಹೊತ್ತು ಬರೀ ತಪ್ಪಿಸಿಕೊಂಡವರಿಗೆ ಅದು ಕೊಡುವ ಬಲ ಸಣ್ಣದಲ್ಲ. ಆ ಬಲವನ್ನು ಯಾರ ಮೇಲೆ, ಯಾಕೆ ಬಳಸಬೇಕಾಗುತ್ತದೆ ಎಂಬುದೇ ಕಥೆಯ ತಿರುಳು. ಅದನ್ನು ಇಲ್ಲಿ ಹೇಳಿಬಿಟ್ಟರೆ ನಿಮಗೆ ಅನ್ಯಾಯ.

ಸೊರಗುವುದೂ ಅಲ್ಲೇ. ಆ ತಿರುವಿನ ನಂತರ ಒಮ್ಮೆ ಸುತ್ತಿದ ಜಾಗಗಳನ್ನೇ ಮತ್ತೆ ಸುತ್ತಿ ಪಾತ್ರಗಳನ್ನು ಹುಡುಕಬೇಕು. ಒಬ್ಬರು ಕಣ್ತಪ್ಪಿದರೆ ಅಲೆದಾಟವೇ ಗತಿ, ಕಟ್ಟಿಕೊಂಡ ಬಿಗಿ ಅಷ್ಟಕ್ಕೇ ಸಡಿಲವಾಗುತ್ತದೆ. ಸಾವು, ಅಮರತ್ವದ ಕುರಿತ ಮಾತುಗಳು ಕೆಲವೆಡೆ ಎದೆಗೆ ತಾಕುತ್ತವೆ, ಕೆಲವೆಡೆ ಉಪದೇಶದಂತೆ ಉದ್ದವಾಗುತ್ತವೆ. ಕನ್ನಡ ಆಯ್ಕೆ ಇಲ್ಲ, ಓದುವುದು ಮಾತ್ರ ಸಾಕಷ್ಟಿದೆ. ಒಟ್ಟು ಆರೇಳು ಗಂಟೆಯ ಆಟ. ಕಷ್ಟವೆನಿಸಿದರೆ ಮಟ್ಟ ಇಳಿಸಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ.

ಒಂದು ಎಚ್ಚರಿಕೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ: ಪರದೆ ಜೋರಾಗಿ ಮಿಣುಕುತ್ತದೆ. ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗವಿದ್ದರೆ ಅವರು ಆಡುವುದೂ ಬೇಡ, ಪಕ್ಕದಲ್ಲಿ ಕೂತು ನೋಡುವುದೂ ಬೇಡ.

ಕಥೆಯ ಗೊಡವೆಯೇ ಬೇಡ, ಬರೀ ವೇಗ ಸಾಕು ಎನ್ನುವವರಿಗೆ 2016ರ ಥಂಪರ್ ಇದೆ. ಒಂದೇ ಸಂಜೆಗೆ ಮುಗಿಯಬೇಕು ಎನ್ನುವವರಿಗೆ 2019ರ ಸಯೊನಾರಾ ವೈಲ್ಡ್ ಹಾರ್ಟ್ಸ್.

ಮಳೆಗಾಲಕ್ಕೆಂದು ಕೊಳ್ಳುವುದಾದರೆ ಎರಡು ಮಾತು. ತೋಟದ ಮನೆಯಲ್ಲಿ ನೆಟ್‌ವರ್ಕ್ ಕೈಕೊಡುವ ಮುಂಚೆ ಸ್ಟೀಮ್‌ನಲ್ಲಿ (ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ) ಡೌನ್‌ಲೋಡ್ ಮುಗಿಸಿ, ಗೇಮನ್ನು ಒಮ್ಮೆ ತೆರೆದು ಮುಚ್ಚಿ, ಆಮೇಲೆ ಸ್ಟೀಮ್ ಮೆನುವಿನಿಂದ ಆಫ್‌ಲೈನ್‌ಗೆ ಹೋಗಿ. ಒಬ್ಬರೇ ಆಡುವ ಗೇಮ್ ಆದ್ದರಿಂದ ಆಮೇಲೆ ನೆಟ್ ಬೇಕಿಲ್ಲ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ಪವರ್ ಸೇವರ್ ತಾನಾಗಿ ಆನ್ ಆಗಿ ಚಿತ್ರ ತಡವರಿಸಬಹುದು, ಅದನ್ನು ಆಫ್ ಮಾಡಿಡಿ. ಹಂಚಿನ ಮೇಲೆ ಮಳೆ ಸುರಿಯುವಾಗ ಲ್ಯಾಪ್‌ಟಾಪ್ ಸ್ಪೀಕರ್ ಏನೂ ಕೇಳಿಸದು, ತಂತಿಯ ಇಯರ್‌ಫೋನ್ ಆಗಲೂ ಬೇಕು. ಶೀತಕ್ಕೆ ಅದರ ಪಿನ್ ಕಪ್ಪಾಗಿ ಕರಕರ ಸದ್ದು ಬಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ.