ಇಂಟರ್ನೆಟ್ ಇಲ್ಲದೆ ಬಿಬಿಎಸ್ ಸಂದೇಶ ಊರಿಂದೂರಿಗೆ ಹೋಗುತ್ತಿದ್ದದ್ದು ಹೇಗೆ?

ಪ್ರಶ್ನೆ: ಹಳೆಯ ಬಿಬಿಎಸ್ (ಬುಲೆಟಿನ್ ಬೋರ್ಡ್ ಸಿಸ್ಟಮ್, ಫೋನ್ ಮೂಲಕ ಒಳಗೆ ಹೋಗಿ ಸಂದೇಶ ಬರೆದು ಓದುವ ವ್ಯವಸ್ಥೆ) ಅಂದರೆ ಯಾರದೋ ಮನೆಯ ಒಂದು ಕಂಪ್ಯೂಟರ್, ಒಂದು ಫೋನ್ ಲೈನ್ ಅಷ್ಟೇ ಎಂದು ಓದಿದ್ದೇನೆ. ಹಾಗಿದ್ದರೆ ಅಲ್ಲಿ ಬರೆದದ್ದನ್ನು ದೂರದೂರಿನವರು ಓದುತ್ತಿದ್ದದ್ದು ಹೇಗೆ?

ಉತ್ತರ: ಎಲ್ಲರೂ ಮಲಗಿದ ಮೇಲೆ ಆ ಕಂಪ್ಯೂಟರ್‌ಗಳು ಒಂದಕ್ಕೊಂದು ಫೋನ್ ಮಾಡುತ್ತಿದ್ದವು. ಹಗಲಲ್ಲಿ ಜನ ಬರೆದಿಟ್ಟದ್ದನ್ನು ಅಂಚೆ ಚೀಲದ ಹಾಗೆ ಕಟ್ಟಿ, ಆಚೆ ಕಡೆಯ ಕಂಪ್ಯೂಟರ್‌ಗೆ ದಾಟಿಸಿ, ಫೋನ್ ಇಡುತ್ತಿದ್ದವು.

ಮೊದಲ ಬಿಬಿಎಸ್ ಶುರುವಾದದ್ದು 1978ರ ಫೆಬ್ರವರಿಯಲ್ಲಿ, ಅಮೆರಿಕದ ಚಿಕಾಗೋದಲ್ಲಿ. ಅದನ್ನು ಕಟ್ಟಿದವರು ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್. ಆ ಚಳಿಗಾಲದ ಭಾರಿ ಹಿಮಪಾತದಲ್ಲಿ ಮನೆಯಿಂದ ಹೊರಬರಲಾಗದೆ ಕೂತಾಗ ಹುಟ್ಟಿದ ಕೆಲಸ ಅದು. ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ಇದ್ದವರು ಫೋನ್ ಮಾಡಿ ಒಳಗೆ ಬರಬಹುದಿತ್ತು. ಆದರೆ ಒಬ್ಬರು ಒಳಗಿದ್ದರೆ ಉಳಿದವರಿಗೆ ಎಂಗೇಜ್ ಸದ್ದೇ ಗತಿ. ಮುಂದೆ ಊರೂರಲ್ಲಿ ಇಂಥ ಬೋರ್ಡ್‌ಗಳು ಎದ್ದವು. ಒಂದೊಂದೂ ಒಂದು ದ್ವೀಪ.

ಈ ದ್ವೀಪಗಳ ನಡುವೆ ಸೇತುವೆ ಹಾಕಿದವರು ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್. ಅವರು ಬರೆದ ಬಿಬಿಎಸ್ ತಂತ್ರಾಂಶದ ಹೆಸರು ಫಿಡೋ. ನಮ್ಮಲ್ಲಿ ನಾಯಿಗೆ ಟಾಮಿ ಅಂತ ಇಡುವ ಹಾಗೆ ಅಲ್ಲಿ ಫಿಡೋ. 1984ರಲ್ಲಿ ಅವರ ಕಂಪ್ಯೂಟರ್ ದೇಶದ ಇನ್ನೊಂದು ತುದಿಯ ಬಾಲ್ಟಿಮೋರ್‌ನಲ್ಲಿದ್ದ ಜಾನ್ ಮ್ಯಾಡಿಲ್ ಅವರ ಕಂಪ್ಯೂಟರ್ ಜೊತೆ ತಾನಾಗಿಯೇ ಸಂದೇಶ ವಿನಿಮಯ ಮಾಡಿಕೊಂಡಿತು. ಫಿಡೋನೆಟ್ ಶುರುವಾದದ್ದು ಹೀಗೆ.

ಯಾಕೆ ರಾತ್ರಿ? ಬಿಲ್ಲಿನ ಕಾರಣಕ್ಕೆ. ಎಸ್‌ಟಿಡಿ ದರ ಕಡಿಮೆಯಾಗಲಿ ಎಂದು ರಾತ್ರಿಯವರೆಗೆ ಕಾದು ಊರಿಗೆ ಫೋನ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಲ್ಲಿಯೂ ದೂರದ ಕರೆಗೆ ನಿಮಿಷದ ಲೆಕ್ಕ. 300 ಬಿಪಿಎಸ್ (ಸೆಕೆಂಡಿಗೆ 300 ಬಿಟ್) ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರ ಕಳಿಸುತ್ತಿತ್ತು. 2,000 ಅಕ್ಷರದ ಒಂದು ಪತ್ರಕ್ಕೇ ಒಂದು ನಿಮಿಷದ ಮೇಲೆ. ಹಾಗಾಗಿ ದಿನಕ್ಕೊಂದು ತಾಸು ಅಂಚೆಗೇ ಮೀಸಲು. ಉತ್ತರ ಅಮೆರಿಕಕ್ಕೆ ಗೊತ್ತುಮಾಡಿದ್ದ ಹೊತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾತ್ರಿ 1 ಗಂಟೆ, ನ್ಯೂಯಾರ್ಕ್‌ನಲ್ಲಿ ಬೆಳಗಿನ ಜಾವ 4. ಆ ತಾಸಿನಲ್ಲಿ ಜನರಿಗೆ ಪ್ರವೇಶವಿಲ್ಲ, ಲೈನ್ ಯಂತ್ರಗಳಿಗೆ ಬಿಟ್ಟದ್ದು.

ಫಿಡೋನೆಟ್‌ಗೆ ಸೇರಿದ ಒಂದೊಂದು ಬಿಬಿಎಸ್‌ಗೂ ನೋಡ್ ಎಂದು ಹೆಸರು. ಯಾರಿಗೆ ಯಾವ ನಂಬರ್ ಅಂತ ತಿಳಿಯಲು ನೋಡ್‌ಲಿಸ್ಟ್ ಎಂಬ ಪಟ್ಟಿ ಇತ್ತು, ಬಿಬಿಎಸ್‌ಗಳ ಟೆಲಿಫೋನ್ ಡೈರೆಕ್ಟರಿಯ ಹಾಗೆ. ಅದರಲ್ಲಿ ಒಂದು ಅಂಕಿ ತಪ್ಪಿದರೂ ಯಾರದೋ ಮನೆಯ ಫೋನ್ ಅವೇಳೆಯಲ್ಲಿ ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಆಚೆ ಮಾತಿಲ್ಲ!

ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು 1985ರ ಬದಲಾವಣೆ. ಮೊದಲು ಪ್ರತಿ ನೋಡ್ ಪ್ರತಿ ನೋಡ್‌ಗೂ ನೇರವಾಗಿ ಕರೆ ಮಾಡುತ್ತಿತ್ತು. ಒಂದು ಊರಿನಲ್ಲಿ ಹತ್ತು ಬೋರ್ಡ್ ಇದ್ದರೆ ಹತ್ತು ದೂರದ ಕರೆ. ಸೇಂಟ್ ಲೂಯಿಸ್‌ನ ಗೆಳೆಯರ ಜೊತೆ ಕೂತು ಜೆನ್ನಿಂಗ್ಸ್ ಇದನ್ನು ಬದಲಿಸಿದರು. ಒಂದು ಪ್ರದೇಶದ ಬೋರ್ಡ್‌ಗಳೆಲ್ಲ ಸೇರಿ ಒಂದು ನೆಟ್, ಅದಕ್ಕೊಂದು ಹೋಸ್ಟ್. ಆ ಊರಿಗೆ ಬರುವ ಅಂಚೆಯೆಲ್ಲ ಒಂದೇ ಕರೆಯಲ್ಲಿ ಹೋಸ್ಟ್‌ಗೆ ಬರುತ್ತದೆ. ಅಲ್ಲಿಂದ ಮುಂದೆ ಹಂಚುವುದು ಲೋಕಲ್ ಕರೆ. ಅಮೆರಿಕದ ಎಷ್ಟೋ ಕಡೆ ಲೋಕಲ್ ಕರೆಗೆ ಬೇರೆ ದುಡ್ಡಿರಲಿಲ್ಲ. ನಮ್ಮ ಊರಿನ ಪೋಸ್ಟಾಫೀಸು ಮಾಡುವುದೂ ಇದನ್ನೇ. ಆಮೇಲೆ ಖಂಡಗಳಿಗೆ ಜೋನ್ ನಂಬರ್ ಸೇರಿತು. ಉತ್ತರ ಅಮೆರಿಕ 1, ಯೂರೋಪ್ 2, ಏಷ್ಯಾ 6. ಜೋನ್, ನೆಟ್, ನೋಡ್ ಮೂರೂ ಸೇರಿದರೆ ಪೂರ್ತಿ ವಿಳಾಸ.

ಇಷ್ಟು ಒಬ್ಬರಿಂದ ಒಬ್ಬರಿಗೆ ಹೋಗುವ ಪತ್ರದ ಮಾತು. ನೀವು ಕೇಳಿದ್ದು ಎಲ್ಲರೂ ಓದುವ ಚರ್ಚೆಯ ಬಗ್ಗೆ. ಅದಕ್ಕೆ ದಾರಿ ಮಾಡಿದ್ದು ಡಲ್ಲಾಸ್‌ನ ಜೆಫ್ ರಶ್ ಬರೆದ ಎಕೋಮೇಲ್. ಅದು 1986ರಲ್ಲಿ ಹರಡಿತು. ಒಂದು ಬೋರ್ಡಿನಲ್ಲಿ ಬರೆದ ಸಂದೇಶದ ಪ್ರತಿ ಪಕ್ಕದ ಬೋರ್ಡಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಹೀಗೆ ಕೈಯಿಂದ ಕೈಗೆ ದಾಟಿ ಎಲ್ಲ ಕಡೆ ಅದೇ ಚರ್ಚೆ ಕಾಣುತ್ತಿತ್ತು. ಒಂದೇ ಸಂದೇಶ ಸುತ್ತಿ ಸುತ್ತಿ ವಾಪಸ್ ಬರಬಾರದಲ್ಲ? ಅದಕ್ಕೆ ಪ್ರತಿ ಸಂದೇಶದ ತಳದಲ್ಲಿ ಸೀನ್-ಬೈ ಎಂಬ ಸಾಲು. ಯಾವ ಯಾವ ನೋಡ್ ಇದನ್ನು ಆಗಲೇ ಪಡೆದಿದೆ ಎಂಬ ಲೆಕ್ಕ ಅದು. ಹೆಸರು ಅಲ್ಲಿದ್ದವರಿಗೆ ಮತ್ತೆ ಕಳಿಸುವುದಿಲ್ಲ. ನೀವು ಇವತ್ತು ಪ್ರಶ್ನೆ ಹಾಕಿದರೆ ದೂರದವರ ಉತ್ತರ ಕಾಣಲು ಎರಡು ಮೂರು ದಿನ ಆಗಬಹುದಿತ್ತು. ಹೀಗೆ ಓಡಾಡುವ ಅಂಚೆಯ ಫೋನ್ ಬಿಲ್ಲನ್ನು ಹೆಚ್ಚಾಗಿ ಬೋರ್ಡ್ ನಡೆಸುವ ಸಿಸಾಪ್‌ಗಳೇ ಕೈಯಿಂದ ಕಟ್ಟುತ್ತಿದ್ದರು. ಅವರಿಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ.

ಬೆಂಗಳೂರಿನಲ್ಲೂ ಬಿಬಿಎಸ್ ಇತ್ತು. ಅತುಲ್ ಚಿಟ್ನಿಸ್ ನಡೆಸುತ್ತಿದ್ದ ಸಿಐಎಕ್ಸ್ ಅದರಲ್ಲಿ ಹೆಸರಾದದ್ದು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಫಿಡೋನೆಟ್ ಕೂಡ ಉತ್ತುಂಗದಲ್ಲಿದ್ದದ್ದು ಸುಮಾರು ಅದೇ ಹೊತ್ತಿಗೆ, 30,000ಕ್ಕೂ ಜಾಸ್ತಿ ನೋಡ್‌ಗಳೊಂದಿಗೆ. ಆಮೇಲೆ ಇಳಿಯಿತು, ಆದರೆ ನಿಲ್ಲಲಿಲ್ಲ. ಈಗ ಅದರ ಅಂಚೆ ಹೋಗುವುದು ಹೆಚ್ಚಾಗಿ ಇಂಟರ್ನೆಟ್ ಮೂಲಕವೇ. ಬೆಳಗಿನ ಜಾವಕ್ಕೆ ಕಾಯಬೇಕಿಲ್ಲ. ನಿಮಗೆ ನೋಡುವ ಆಸೆಯಿದ್ದರೆ ಟೆಲ್‌ನೆಟ್‌ನಲ್ಲಿ (ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರ್ ಒಳಗೆ ಹೋಗುವ ವಿಧಾನ) ಸಿಗುವ ಯಾವುದಾದರೂ ಬಿಬಿಎಸ್‌ಗೆ ಹೋಗಿ ಒಂದು ಎಕೋ ಸಂದೇಶ ತೆರೆಯಿರಿ. ಕೊನೆಯಲ್ಲಿ ಆರಿಜಿನ್ ಎಂಬ ಸಾಲು ಇರುತ್ತದೆ. ಅದರ ತುದಿಯಲ್ಲಿ ಈಗಲೂ ಜೋನ್, ನೆಟ್, ನೋಡ್.