ಹಾವಿಗೊಂದು ಕೂಗು, ಕಾಗೆಗೊಂದು ಕೂಗು

ಪೊಟರೆಯ ಒಳಗೆ ಕತ್ತಲು. ಮರಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ವಯಸ್ಸು ಹದಿನೇಳು ದಿನ, ಇನ್ನೇನು ಹಾರುವ ಹೊತ್ತು. ಹೊರಗೆ ಏನಾಗುತ್ತಿದೆ ಅಂತ ಅವಕ್ಕೆ ಕಾಣುವುದಿಲ್ಲ. ಅಷ್ಟರಲ್ಲಿ ಹೊರಗಿನಿಂದ ತಾಯಿಯ ಕೂಗು ಕೇಳುತ್ತದೆ. ಎಲ್ಲ ಮರಿಗಳೂ ಮೈ ಕುಗ್ಗಿಸಿ ಗೂಡಿನ ತಳಕ್ಕೆ ಅಂಟಿಕೊಳ್ಳುತ್ತವೆ. ಕೂಗು ಬೇರೆ ಥರ ಇದ್ದರೆ? ಆಗ ಅವೇ ಮರಿಗಳು ಸರಿಯಾಗಿ ಹಾರಲು ಬಾರದಿದ್ದರೂ ಪೊಟರೆಯ ಬಾಯಿಂದ ಹೊರಕ್ಕೆ ಜಿಗಿದುಬಿಡುತ್ತವೆ.

ಇದನ್ನು ಕಂಡುಕೊಂಡವರು ಜಪಾನಿನ ವಿಜ್ಞಾನಿ ತೊಶಿತಾಕಾ ಸುಜುಕಿ. ಅಲ್ಲಿನ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೇಲೆ ಅವರು ಮಾಡಿದ ಕೆಲಸ 2011ರಲ್ಲಿ ಪ್ರಕಟವಾಯಿತು. ಈ ಹಕ್ಕಿಯ ಮರಿಗಳಿಗೆ ಇಬ್ಬರು ದೊಡ್ಡ ಶತ್ರುಗಳು: ಕಾಗೆ ಮತ್ತು ಮರ ಹತ್ತುವ ಹಾವು. ಕಾಗೆ ಪೊಟರೆಯೊಳಕ್ಕೆ ನುಗ್ಗಲಾರದು. ಬಾಯಲ್ಲೇ ಕೂತು ಕೊಕ್ಕು ಚಾಚಿ, ಸಿಕ್ಕ ಮರಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ತಳದಲ್ಲಿ ಅಡಗಿದರೆ ಜೀವ ಉಳಿಯಬಹುದು. ಹಾವು ಒಳಗೇ ಬರುತ್ತದೆ. ಆಗ ಅಡಗಿ ಕೂತರೆ ಸುಮ್ನೆ ಅದರ ಬಾಯಿಗೆ ಬಿದ್ದಂತೆ, ಹೊರಗೆ ಹಾರುವುದೊಂದೇ ದಾರಿ. ಕಾಗೆ ಕಂಡಾಗ ತಾಯ್ತಂದೆ ಕೂಗುವುದು 'ಚಿಕ ಚಿಕ' ಅಂತ. ಹಾವು ಕಂಡಾಗ ಗೊಗ್ಗರು ದನಿಯಲ್ಲಿ 'ಜಾರ್ ಜಾರ್'. ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿದರೂ ಮರಿಗಳು ಹಾಗೆಯೇ ಮಾಡಿದವು. ಹುಟ್ಟಿದಾಗಿನಿಂದ ಗೂಡು ಬಿಟ್ಟು ಆಚೆ ಬಾರದ ಮರಿಗಳಿವು!

ಸುಜುಕಿ ಇಷ್ಟಕ್ಕೇ ನಿಲ್ಲಿಸಲಿಲ್ಲ. 'ಜಾರ್' ಅಂದಾಗ ದೊಡ್ಡ ಹಕ್ಕಿಯ ಮನಸ್ಸಿಗೆ ಹಾವು ಬರುತ್ತದಾ? ಇದನ್ನು ನೋಡಲು ಒಂದು ಕಡ್ಡಿಗೆ ದಾರ ಕಟ್ಟಿ, ಕೂಗನ್ನು ಕೇಳಿಸುತ್ತಾ, ಕಡ್ಡಿಯನ್ನು ಹಾವು ಹರಿದಂತೆ ಕಾಂಡದ ಮೇಲೆ ಮೆಲ್ಲಗೆ ಎಳೆದರು. ಹಕ್ಕಿಗಳು ಹತ್ತಿರ ಬಂದು ಕಡ್ಡಿಯನ್ನು ಪರೀಕ್ಷಿಸಿದವು. ಬೇರೆ ಕೂಗು ಕೇಳಿಸಿದಾಗ, ಇಲ್ಲವೇ ಕಡ್ಡಿಯನ್ನು ಹಾವಿನಂತೆ ಎಳೆಯದೆ ಸುಮ್ನೆ ತೂಗಿದಾಗ, ಹೆಚ್ಚಾಗಿ ಹತ್ತಿರ ಸುಳಿಯಲಿಲ್ಲ. ನನಗಂತೂ ಇಡೀ ಹಕ್ಕಿಲೋಕದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ. ಒಂದು ಕಡ್ಡಿ, ಒಂದು ದಾರ, ಅಷ್ಟೇ.

ಅಮೆರಿಕದ ಚಿಕಡೀ ಹಕ್ಕಿ ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತದೆ. ಶತ್ರು ಎಷ್ಟು ಅಪಾಯಕಾರಿಯೋ ಕೂಗಿನ ಕೊನೆಯ 'ಡೀ ಡೀ' ಅಷ್ಟು ಉದ್ದ. ದೊಡ್ಡ ಗೂಬೆಗಿಂತ ಪುಟ್ಟ ಗೂಬೆಗೇ ಜಾಸ್ತಿ 'ಡೀ' ಸಿಗುತ್ತದೆ, ಯಾಕೆಂದರೆ ಚುರುಕಾಗಿ ತಿರುಗಿ ಇಷ್ಟು ಸಣ್ಣ ಹಕ್ಕಿಯನ್ನು ಹಿಡಿಯಬಲ್ಲದ್ದು ಪುಟ್ಟದ್ದೇ. ಆ ಕೂಗು ಕೇಳಿ ಸುತ್ತಲಿನ ಹಕ್ಕಿಗಳೂ ಸೇರಿಕೊಂಡು ಗೂಬೆಯನ್ನು ಮುತ್ತುತ್ತವೆ.

ಶತ್ರು ಯಾರು ಅಂತ ಹಕ್ಕಿಗೆ ಗೊತ್ತಾಗುವುದು ಹೇಗೆ? ಒಂದಷ್ಟು ಹುಟ್ಟಿನಿಂದ ಬರುತ್ತದೆ. ಮಿಕ್ಕಿದ್ದನ್ನು ಕಲಿಯಬೇಕು. 1978ರಲ್ಲಿ ಜರ್ಮನಿಯ ಎಬರ್ಹಾರ್ಡ್ ಕ್ಯೂರಿಯೊ ಮತ್ತು ಜೊತೆಗಾರರು ಎರಡು ಬ್ಲ್ಯಾಕ್‌ಬರ್ಡ್‌ಗಳನ್ನು ಎದುರುಬದುರು ಇಟ್ಟರು. ಒಂದಕ್ಕೆ ಗೂಬೆ ಕಾಣುವಂತೆ ಮಾಡಿದರು. ಇನ್ನೊಂದಕ್ಕೆ ಕಂಡದ್ದು ಯಾರಿಗೂ ಕೇಡು ಮಾಡದ ಬೇರೊಂದು ಹಕ್ಕಿ. ಗೂಬೆ ಕಂಡದ್ದು ಕಿರುಚಾಡಿತು. ಅದು ತನ್ನ ಮುಂದಿರುವ ಹಕ್ಕಿಗೇ ಕಿರುಚುತ್ತಿದೆ ಅಂದುಕೊಂಡು ಎರಡನೆಯದೂ ಆ ಪಾಪದ ಹಕ್ಕಿಯನ್ನು ಶತ್ರು ಅಂತ ತಿಳಿಯಿತು. ಆಮೇಲೆ ಈ ತಪ್ಪು ಪಾಠವನ್ನು ಬೇರೆ ಬ್ಲ್ಯಾಕ್‌ಬರ್ಡ್‌ಗಳಿಗೂ ಕಲಿಸಿತು.

ಮನುಷ್ಯರನ್ನೂ ಹಕ್ಕಿಗಳು ಬಿಡಿಬಿಡಿಯಾಗಿ ಗುರುತಿಡುತ್ತವೆ. ಫ್ಲಾರಿಡಾದ ವಿಶ್ವವಿದ್ಯಾಲಯದ ಆವರಣದಲ್ಲಿ ಒಬ್ಬರು ದಿನಕ್ಕೆ 30 ಸೆಕೆಂಡು ಮಾಕಿಂಗ್‌ಬರ್ಡ್ ಗೂಡಿನ ಬಳಿ ನಿಂತು ಅದರ ಅಂಚು ಮುಟ್ಟಿ ಹೋಗುತ್ತಿದ್ದರು. ಮೂರನೇ ದಿನ ಅವರು ಇನ್ನೂ ದೂರ ಇರುವಾಗಲೇ ಹಕ್ಕಿ ಎದ್ದು ಕೂಗತೊಡಗಿತು. ಐದನೇ ದಿನ ಬೇರೆಯವರು ಬಂದರು. ಹಕ್ಕಿಗೆ ಮೊದಲ ದಿನದಷ್ಟೇ ಗಾಬರಿ. ನಿತ್ಯ ನೂರಾರು ಮಂದಿ ಓಡಾಡುವ ಜಾಗದಲ್ಲಿ ಒಬ್ಬರನ್ನೇ ಆರಿಸಿ ನೆನಪಿಟ್ಟಿತ್ತು ಅದು.

ಇಷ್ಟೆಲ್ಲ ಎಚ್ಚರಕ್ಕೆ ಬೆಲೆಯೂ ಇದೆ. ಕೂಗುವ ಹೊತ್ತಿನಲ್ಲಿ ಗುಟುಕು ತರಲಾಗುವುದಿಲ್ಲ, ಕಾವಿಗೆ ಕೂರಲಾಗುವುದಿಲ್ಲ ಅಲ್ವಾ? ಕೆನಡಾದಲ್ಲಿ ಲಿಯಾನಾ ಜಾನೆಟ್ ಮತ್ತು ತಂಡ ಈ ಬೆಲೆಯನ್ನು ಅಳೆಯಲು ಹೊರಟಿತು. ಸಾಂಗ್ ಸ್ಪ್ಯಾರೋಗಳ ಗೂಡುಗಳಿಗೆ ಬಲೆ ಕಟ್ಟಿ, ವಿದ್ಯುತ್ ಬೇಲಿ ಹಾಕಿ, ಯಾವ ಶತ್ರುವೂ ಮುಟ್ಟದಂತೆ ಕಾದರು. ಕೆಲವು ಗೂಡುಗಳ ಬಳಿ ಶತ್ರುಗಳ ದನಿಯನ್ನು, ಮಿಕ್ಕವುಗಳ ಬಳಿ ನಿರಪಾಯ ಪ್ರಾಣಿಗಳ ದನಿಯನ್ನು ಕೇಳಿಸಿದರು. ಶತ್ರುವಿನ ದನಿ ಕೇಳಿದ ಹಕ್ಕಿಗಳು ಮೊಟ್ಟೆ ಇಟ್ಟದ್ದೇ ಕಡಿಮೆ. ತಾಯಿ ಪದೇ ಪದೇ ಕಾವಿನಿಂದ ಏಳುತ್ತಿತ್ತು, ಗೂಡಿಗೆ ಗುಟುಕು ಬರುವುದೂ ತಗ್ಗಿತು. 2011ರಲ್ಲಿ ಲೆಕ್ಕ ಹೊರಬಂತು: ಒಂದು ವರ್ಷದಲ್ಲಿ ಮರಿಗಳು ಶೇಕಡ 40ರಷ್ಟು ಕಡಿಮೆ. ಅಷ್ಟೂ ದಿನ ಆ ಗೂಡುಗಳ ಹತ್ತಿರ ಇದ್ದದ್ದು ಒಂದು ಸ್ಪೀಕರ್ ಮಾತ್ರ.