18 ತುಂಬಿದ ಮಾತ್ರಕ್ಕೆ ಬಾಲ್ಯವಿವಾಹ ಸರಿಹೋಗಲ್ಲ

ಜಗಳೂರು ಕಡೆಯ ಒಬ್ಬ ತಾಯಿ ಮಗಳನ್ನ ಕರ್ಕೊಂಡು ದಾವಣಗೆರೇಲಿರೋ ನನ್ನ ಆಫೀಸಿಗೆ ಬಂದಿದ್ರು (ಗುರುತು ಸಿಗಬಾರ್ದು ಅಂತ ವಿವರ ಸ್ವಲ್ಪ ಬದಲಾಯ್ಸಿದೀನಿ). ಮೆಕ್ಕೆಜೋಳದ ಬೀಜದ ಚೀಲದಲ್ಲಿ ಮದ್ವೆ ಆಲ್ಬಮ್ಮು, ಟಿಸಿ, ರೇಷನ್ ಕಾರ್ಡು ಎಲ್ಲಾ ತುಂಬ್ಕೊಂಡು ಬಂದಿದ್ರು. ಸೋದರಮಾವನಿಗೇ ಕೊಟ್ಟಿದ್ದು, ಅವನು ಈಗ ಬೇರೆಯವಳ ಜೊತೆ ಇದಾನೆ, ಡೈವರ್ಸ್ ಮಾಡ್ಸಿಕೊಡ್ರಿ ವಕೀಲ್ರೆ ಅಂದ್ರು. ಟಿಸಿ ತೆಗೆದು ನೋಡಿದ್ರೆ ಮದ್ವೆ ದಿನ ಹುಡುಗಿಗೆ 16 ವರ್ಷ ಚಿಲ್ಲರೆ. ಡೈವರ್ಸ್ ಬೇಕಾಗಿಲ್ಲ ಕಣಮ್ಮ, ಕಾನೂನಿನ ಲೆಕ್ಕದಲ್ಲಿ ಈ ಮದ್ವೆ ಆಗೇ ಇಲ್ಲ ಅಂದೆ. 'ಐನೂರು ಮಂದಿ ಉಂಡು ಹೋಗ್ಯಾರ್ರೀ, ಆಗಿಲ್ಲ ಅಂದ್ರೆ ಹೆಂಗ್ರಿ?'

ಕೇಳಿದ್ದು ತಪ್ಪೇನಲ್ಲ, ಎಷ್ಟೋ ಜನ ವಕೀಲ್ರಿಗೇ ಇದು ಸರಿಯಾಗಿ ತಲೆಗೆ ಹೋಗಿಲ್ಲ. ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗಿರ್ಬೇಕು, ಆಗಿಲ್ದೆ ಇದ್ರೂ ಆ ಮದ್ವೆ ತಾನಾಗೇ ಬಿದ್ದೋಗಲ್ಲ, ಚಿಕ್ಕ ವಯಸ್ಸಲ್ಲಿ ಮದ್ವೆ ಆದವ್ರು ಕೋರ್ಟಿಗೆ ಹೋಗಿ ರದ್ದು ಮಾಡಿಸ್ಕೋಬೇಕು, ಅದೂ ಮೇಜರ್ ಆಗಿ ಎರಡು ವರ್ಷದೊಳಗೆ. ಹಳ್ಳಿ ಹುಡುಗಿ 20 ತುಂಬೋದ್ರೊಳಗೆ ಒಬ್ಬಳೇ ಕೋರ್ಟ್ ಮೆಟ್ಟಿಲು ಹತ್ತೋದಾ, ಆಗೋ ಮಾತಾ? ಕರ್ನಾಟಕ ಈ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂತು, ಮದ್ವೆ ವಿಷಯ ಸಮವರ್ತಿ ಪಟ್ಟೀಲಿ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) ಇರೋದ್ರಿಂದ ರಾಷ್ಟ್ರಪತಿಗಳ ಒಪ್ಪಿಗೆ ಬೇಕಾಯ್ತು, ಜಾರಿಗೆ ಬಂದಿದ್ದು 2017ರಲ್ಲಿ. ಆಮೇಲೆ ಇಲ್ಲಿ ಆದ ಬಾಲ್ಯವಿವಾಹ ಮೊದಲಿಂದಲೇ ಅನೂರ್ಜಿತ, ಅಂದ್ರೆ ಆಗೇ ಇಲ್ಲದ ಲೆಕ್ಕ. ಅದೇ ವರ್ಷ ಅಕ್ಟೋಬರ್ 11ರ ತೀರ್ಪಲ್ಲಿ ಸುಪ್ರೀಂ ಕೋರ್ಟು, ಬೇರೆ ರಾಜ್ಯದವ್ರೂ ಕರ್ನಾಟಕದ ದಾರೀಲಿ ಹೋದ್ರೆ ಒಳ್ಳೇದು ಅಂತು. 18ರೊಳಗಿನ ಹೆಂಡತಿ ಜೊತೆ ದೈಹಿಕ ಸಂಬಂಧಾನೂ ಅತ್ಯಾಚಾರವೇ ಅಂದಿದ್ದು ಅದೇ ತೀರ್ಪು. ಅದಕ್ಕೇ ತಾಯಿ ಕಾರ್ಡ್ ಮಾಡ್ಸೋಕೆ ಹೋದಾಗ ನರ್ಸ್ ವಯಸ್ಸು ಕೇಳಿದ ಕೂಡ್ಲೇ ಎಷ್ಟೋ ಮನೆಯವ್ರು ಬೆವರೋದು, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಕಾಯ್ದೆ) ಕೇಸ್ ಅಲ್ಲಿಂದಲೇ ಶುರುವಾಗುತ್ತೆ.

ಜನರಲ್ಲಿ ಇರೋ ದೊಡ್ಡ ತಪ್ಪು ತಿಳುವಳಿಕೆ ಅಂದ್ರೆ 18 ತುಂಬಿದ ಮೇಲೆ ಎಲ್ಲಾ ಸರಿಹೋಗುತ್ತೆ ಅನ್ನೋದು. ಹೋಗಲ್ಲ. ಬೀಜವೇ ಹುಳ ಹಿಡಿದಿದ್ರೆ ಮಳೆ ಬಂದು ಏನು ಮಾಡುತ್ತೆ? ಹತ್ತು ವರ್ಷ ಸಂಸಾರ ಮಾಡಿದ್ರೂ ಅಷ್ಟೇ. ನಾಳೆ ಗಂಡ ಅನ್ನಿಸ್ಕೊಂಡವನು ಸತ್ತಾಗ ಅವನ ಅಣ್ಣತಮ್ಮಂದಿರು ಇದೇ ಕಾನೂನು ಹಿಡ್ಕೊಂಡು 'ಇವಳು ಹೆಂಡತಿನೇ ಅಲ್ಲ' ಅಂತ ಪಹಣಿಗೆ ತಕರಾರು ಹಾಕಬಹುದು, ಹುಡುಗಿ ರಕ್ಷಣೆಗೆ ಅಂತ ತಂದಿದ್ದು ಅವಳ ಮೇಲೇ ತಿರುಗೋದು ಹಿಂಗೆ. ಇದೊಂದು ತಿದ್ದುಪಡಿ ಬಗ್ಗೆ ನನಗಿರೋ ತಕರಾರು. ಇಬ್ರೂ ಜೊತೆಲೇ ಇರ್ತೀವಿ ಅಂದ್ರೆ ವಯಸ್ಸು ತುಂಬಿದ ಮೇಲೆ ಮತ್ತೆ ಮದ್ವೆ ಆಗಿ ರಿಜಿಸ್ಟರ್ ಮಾಡ್ಸಿ, ಹಳೇ ತಾರೀಕು ಹಾಕಿ ಮಾಡ್ಸೋ ಬ್ರೋಕರ್‌ಗಳ ಹತ್ರ ಮಾತ್ರ ಹೋಗ್ಬೇಡಿ.

ಜೊತೆಲಿ ಇರೋದೇ ಬೇಡ ಅಂದ್ರೆ? ಕಾನೂನಲ್ಲಿ ಮದ್ವೆ ಇಲ್ಲ ಸರಿ, ಆದ್ರೆ ಆಧಾರಲ್ಲಿ ಗಂಡನ ಹೆಸರು ಇರುತ್ತೆ, ರೇಷನ್ ಕಾರ್ಡು ಅವರ ಮನೇದು, ಆಫೀಸಿನವ್ರು ಕೋರ್ಟ್ ಆರ್ಡರ್ ಕೇಳೇ ಕೇಳ್ತಾರೆ. ಹಂಗಾಗಿ ಫ್ಯಾಮಿಲಿ ಕೋರ್ಟಲ್ಲಿ ಈ ಮದ್ವೆ ಊರ್ಜಿತವಲ್ಲ ಅಂತ ಘೋಷಣೆ ಕೇಳಿ ಕೇಸ್ ಹಾಕ್ಬೇಕು. ಹಿಂದೂ ವಿವಾಹ ಕಾಯ್ದೆ 11ನೇ ಕಲಂ ಅಡಿ ಹಾಕ್ಬೇಡಿ, ಅದ್ರಲ್ಲಿ ವಯಸ್ಸಿನ ಕಾರಣವೇ ಇಲ್ಲ, 2023ರಲ್ಲಿ ನಮ್ಮ ಹೈಕೋರ್ಟು ಇದನ್ನೇ ಹೇಳಿದೆ. ದುಡ್ಡಿಲ್ಲ ಅಂತ ಹಿಂದೆ ಸರೀಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗ್ತಾರೆ.

ಆ ತಾಯಿ ಕೊನೇಲಿ ಮೆಲ್ಲಗೆ 'ನಮ್ಮನ್ನೂ ಒಳಗ ಹಾಕ್ತಾರೇನ್ರಿ?' ಅಂದ್ರು. ಸುಳ್ಳು ಹೇಳೋಕಾಗಲ್ಲ. ಮದ್ವೆ ಮಾಡ್ಸಿದ ಅಪ್ಪ ಅಮ್ಮನ ಮೇಲೂ ಕಲಂ ಇದೆ ಅಂದೆ. ಮಗಳು ಅವರ ಮುಖ ನೋಡ್ಲಿಲ್ಲ, ಆಲ್ಬಮ್ ಪುಟ ತಿರುವ್ತಾ ಕೂತಿದ್ಲು.

ಅಂದ ಹಾಗೆ ಆಲ್ಬಮ್ ನೋಡೋಕೆ ಸಂಕಟ ಅಂತ ಮನೇಲೇ ಬಿಟ್ಟು ಬರ್ಬೇಡಿ. ವಯಸ್ಸಿಗೆ ಟಿಸಿ, ಜನನ ಪ್ರಮಾಣಪತ್ರ ಇರುತ್ತೆ, ಮದ್ವೆ ಯಾವತ್ತಾಯ್ತು ಅನ್ನೋದಕ್ಕೇ ಕಷ್ಟ. ಕದ್ದು ಮಾಡೋ ಮದ್ವೆಗೆ ಲಗ್ನಪತ್ರಿಕೆ ಎಲ್ಲಿಂದ ಬರ್ಬೇಕು? ಈ ಹುಡುಗಿ ಕೇಸಲ್ಲಿ ತಾರೀಕು ಸಿಕ್ಕಿದ್ದು ಸ್ಟುಡಿಯೋದವ್ರು ಫೋಟೋ ಮೂಲೇಲಿ ಪ್ರಿಂಟ್ ಮಾಡಿದ್ದ ಸಣ್ಣ ಅಕ್ಷರದಲ್ಲಿ.